ಬಿಚ್ಚಲು ಬರುತ್ತದೆಯೇ

ಮೈನಸ್ ಇಪ್ಪತ್ತೆಂಟು.
ನೀರೇ ಕಲ್ಲಾಗಿದೆ, ಇನ್ನು ಕಲಸಿದ ಸಿಮೆಂಟಿನ ಮಾತೆಲ್ಲಿ.
ಉಲಾನ್‌ಬಾತರಿನ ಅರ್ಧ ಕಟ್ಟಿದ ಮನೆಗಳೆಲ್ಲ
ಅಕ್ಟೋಬರಿನಲ್ಲೇ ಟಾರ್ಪಾಲು ಹೊದ್ದು ಮಲಗಿಬಿಟ್ಟಿವೆ.
ಏಳುವುದು ಏಪ್ರಿಲ್‌ಗೆ.

ನಮ್ಮದೊಂದು ಮಾತ್ರ ನಿದ್ದೆಗೆಟ್ಟು ಬೆಳೆಯುತ್ತಿದೆ,
ಗುಡ್ಡದ ಮೇಲೆ, ಗೆರ್ ಗುಡಾರಗಳ ನಡುವೆ, ಶಾಲೆ.
ನೆಲ ಹೆಪ್ಪುಗಟ್ಟುವ ಮುಂಚೆ ಅಡಿಪಾಯ ಮುಗಿಸಿದ್ದೆವು.
ಮಿಕ್ಕದ್ದು ಲಾರಿಯಲ್ಲಿ ಬಂತು,
ಅಳೆದು, ಕತ್ತರಿಸಿ, ತೂತು ಕೊರೆದು,
ಒಂದೊಂದು ತೊಲೆಗೂ ಹಳದಿ ಬಣ್ಣದಲ್ಲಿ ನಂಬರು ಬರೆದು.

ಕ್ರೇನಿನಲ್ಲಿ ನಾನು, ಯಾಂಜ್ಮಾ.
ಕೆಳಗೆ ಶಗ್ದರ್ ಸರಪಳಿ ಬಿಗಿದು ಎರಡು ಬೆರಳೆತ್ತುತ್ತಾನೆ.
ಎತ್ತುತ್ತೇನೆ.
ಹದಿನೆಂಟು ಮೀಟರು ಉಕ್ಕು
ಕಲ್ಲಿದ್ದಲ ಹೊಗೆ ಸೀಳಿ ಮೇಲೆ ಬರುವಾಗ
ಒಮ್ಮೊಮ್ಮೆ ಅದರ ಬೆನ್ನಿಗೆ ಬಿಸಿಲು.
ಆಟದ ಕೋಣೆಯ ನಡುವೆ ಒಂದೂ ಕಂಬ ಬೇಡವಂತೆ.
ಮಕ್ಕಳು ಓಡಬಹುದು,
ಗೋಡೆ ಬಂದು ತಾನೇ ನಿಲ್ಲಿಸುವ ತನಕ.

ಭಾನುವಾರ ಅಪ್ಪ ಬಂದ.
ವಿಲೋ ಪಟ್ಟಿಗಳನ್ನು ಒಂಟೆಚರ್ಮದ ದಾರದಲ್ಲಿ ಪೋಣಿಸಿ
ನಲವತ್ತು ವರ್ಷ ಗೆರ್‌ಗಳಿಗೆ ಗೋಡೆ ಮಾಡಿದವನು.
ಚುಟ್ಟದ ಕೊಳವೆಯಿಂದ ಕಂಬಕ್ಕೆ ಬಡಿದ.
ಕಂಬ ಮರುನುಡಿಯಿತು.

ಇಷ್ಟು ಸಪೂರ, ಹೊರುತ್ತದೆಯೇ?
ಹೊರುತ್ತದೆ.
ಭೂಮಿ ನಡುಗಿದರೆ?
ಬಾಗುತ್ತದಪ್ಪಾ. ಮುರಿಯುವ ಮೊದಲು ಬಾಗಿ,
ಓಡಿ ಅನ್ನುತ್ತದೆ.
ಬೆಂಕಿ?
ತಡವರಿಸಿದೆ. ಬೆಂಕಿಗೆ ಉಕ್ಕೂ ಮೆತ್ತಗಾಗುತ್ತದೆ,
ಅದಕ್ಕೇ ಈ ದಪ್ಪ ಬಣ್ಣ;
ಝಳ ತಾಗಿದರೆ ಹಿಟ್ಟಿನಂತೆ ಉಬ್ಬಿ ಮೈ ಮುಚ್ಚುತ್ತದೆ.
ಚಳಿ?
ಉಣ್ಣೆ ಹೊದಿಸುತ್ತೇವೆ. ಕುರಿಯದಲ್ಲ, ಕಲ್ಲಿನ ಉಣ್ಣೆ.
ಕಲ್ಲಿನ ಉಣ್ಣೆಯನ್ನೂ ಕತ್ತರಿಸಲು ಕಲಿತಿರಾ ಎಂದು
ಕೆಮ್ಮು ಬರುವಷ್ಟು ನಕ್ಕ.

ಆಮೇಲೆ ಸುಮ್ಮನಾದ.
ತೊಲೆ ಕಂಬ ಕೂಡುವಲ್ಲಿ ಬಗ್ಗಿ ನೋಡಿದ,
ಎಂಟು ಬೋಲ್ಟು, ಎಂಟು ನಟ್ಟು.
ಬಿಚ್ಚಲು ಬರುತ್ತದೆಯೇ?

ಎಂಜಿನಿಯರು ಕೂಡ ಕೇಳದ ಪ್ರಶ್ನೆ.
ಅಪ್ಪ ಎಂದೂ ನಂಬಿದ್ದಿಲ್ಲ
ಹೊರಡಲು ಬಾರದ ಮನೆಯನ್ನು.
ಪೇಟೆಯ ಹಳೆ ಕಟ್ಟಡ ಕೆಡವುವಾಗ
ದಿನವಿಡೀ ನಿಂತು ನೋಡಿದ್ದನಂತೆ,
ಧೂಳು ಬಿಟ್ಟು ಏನೂ ಉಳಿಯಲಿಲ್ಲ ಎಂದಿದ್ದ.

ಕೊನೆಯ ಬಿಗಿತ ಕೊಡದ ಬೋಲ್ಟೊಂದಿತ್ತು.
ಸ್ಪ್ಯಾನರು ಕೊಟ್ಟೆ.
ಅಪ್ಪ ತಿರುಗಿಸಿದ. ನಟ್ಟು ಸಡಿಲಾಗಿ
ಕೈಗವಸಿನೊಳಕ್ಕೆ ಬಂದು ಕೂತಿತು, ಹಕ್ಕಿಮರಿಯಂತೆ.
ಇನ್ನೂ ನೂರು ವರ್ಷಕ್ಕೆ ಇದೇ ತೊಲೆ, ಅಪ್ಪಾ,
ಬೇರೆ ಗುಡ್ಡದಲ್ಲಿ ಬೇರೆ ಮಾಡಾಗಬಹುದು;
ಆಗದಿದ್ದರೆ ಕರಗಿ ಮತ್ತೆ ತೊಲೆ.

ಮತ್ತೆ ಜೋಡಿಸಿ ಬಿಗಿದ. ನನಗಿಂತ ಬಿಗಿಯಾಗಿ.
ಸರಿ, ಇದು ಮನೆಯೇ, ಎಂದ.
ಫ್ಲಾಸ್ಕಿನ ಹಾಲು ಬೆರಳಿಗೆ ತಾಕಿಸಿ
ಆಕಾಶಕ್ಕೆ ಚಿಮುಕಿಸಿದ.
ಹನಿಗಳು ಕೆಳಗಿಳಿದು
ಹಿಮದಲ್ಲಿ ಮಲಗಿದ್ದ ನಾಳಿನ ತೊಲೆಯ ಮೇಲೆ ಹೆಪ್ಪಾದವು.

ಸೋಮವಾರ ಶಗ್ದರ್ ಕೂಗಿದ:
ನಂಬರಿನ ಪಕ್ಕ ಇದೇನು ಬಿಳಿ ಚುಕ್ಕೆ?
ನಕ್ಷೆಯಲ್ಲಿ ಇಲ್ಲವಲ್ಲ!

ನೀನು ಬೆರಳೆತ್ತು, ಎಂದೆ.