ಎರಡು ನೂರಾ ಹನ್ನೆರಡನೇ ತಂತಿ

ಹುಲಿಗೆಜ್ಜಿ ಗುಡ್ಡದ ಹೊಟ್ಟಿಯೊಳಗ
ನಾಕುನೂರಾ ಮೂವತ್ತು ಮೀಟರ್ ಕೊರದು ಬಿಟ್ಟಾರ.
ಬೇಕಾಗಿದ್ದು ಎರಡು ಕಿಲೋಮೀಟರ್.
ಈಗ ಅಲ್ಲಿ ಯಾರದೋ ಉಳ್ಳಾಗಡ್ಡಿ ಚೀಲ,
ತಂಪಿಗೆ ಕೆಡೂದಿಲ್ಲಂತ.

ಅವಾಗ ನಾವು ಎಂಟು ಮಂದಿ ಹೆಂಗಸರು,
ಇಳಕಲ್ಲ ನೇಕಾರ ಓಣಿಯವರು,
ದಿನಾ ಜೀಪಿನ್ಯಾಗ ಹೋಗತಿದ್ವಿ.
ಸೀರಿ ಮೈಗೆ ಸೆರಗು ಕೂಡಿಸಿ ಕೊಂಡಿ ಹಾಕೂ ಬೆರಳು
ಬೇಕಾಗಿದ್ವು ಅವರಿಗೆ. ತರಫದಾರ ಸರ್ ಕಲಕತ್ತಾದವರು,
ಕನ್ನಡದಾಗ ಕಲಿತದ್ದು ಅದೊಂದ ಮಾತು: ಕೊಂಡಿ.

ಕೂದಲಕ್ಕಿಂತ ಸಣ್ಣ ತಂತಿ, ಮ್ಯಾಲ ಬಂಗಾರದ ನೀರು.
ಒಂದು ಚೌಕಟ್ಟಿಗೆ ಆರುನೂರಾ ನಲವತ್ತು.
ಬಳಿ ತಗದಿಟ್ಟು, ಬಾಯಿಗೆ ಅರಿವಿ ಕಟ್ಟಿ,
ಎಳದು, ಬಿಗದು, ಬೆರಳ ತುದೀಲೆ ಮೀಟಿ
ಕಿವಿಗೊಟ್ಟು ಕೇಳತಿದ್ವಿ.
ಹಾಸಿನ ಎಳಿ ಹೇಳಿದಂಗ ಅದೂ ಹೇಳತಿತ್ತು:
ಇನ್ನೊಂಚೂರು. ಇನ್ನೊಂಚೂರು. ಸಾಕು.

ಏನ ಹಿಡಿಯಾಕ ಇದು? ಅಂಬವ್ವ ಕೇಳಿದ್ಲು.
ಸರ್ ಆಕಿ ಕಿರಿಬೆರಳಿನ ಉಗುರು ತೋರಿಸಿ ಏನೋ ಅಂದ್ರು,
ಜೀಪಿನ ದಾವಲಸಾಬ ಅದನ್ನ ಕನ್ನಡಕ್ಕ ತಂದ:
"ನೀ ಕಣ್ಣು ಪಿಳಕಿಸೂದ್ರಾಗ ಇದರೊಳಗ
ಹಾಯ್ದು ಹೋದವಂತ ಕೋಟಿ ಕೋಟಿ ಕಣ,
ಸೂರ್ಯಾನ ಹೊಟ್ಟ್ಯಾಗಿಂದ ಹೊಂಟಂಥವು.
ತಾಗೂದಿಲ್ಲಂತ, ನಿಲ್ಲೂದಿಲ್ಲಂತ.
ಎಂದರ ಒಮ್ಮೆ ಒಂದು ಎಡವತೈತಂತ.
ಅದೊಂದರ ಸಲುವಾಗಿ ಇಷ್ಟು ಗುಡ್ಡ."
ಅಂಬವ್ವ ಉಗುರು ನೋಡಿಕೋತ ಅಂದ್ಲು,
"ಎಮ್ಮೆಲ್ಲೆ ಕಾರು ನಮ್ಮ ಓಣ್ಯಾಗ ಹಾಯ್ದಂಗ ಅನ್ರಿ."
ದಾವಲಸಾಬ ನಕ್ಕು ನಕ್ಕು ಅದನ್ನ ಹಿಂದಿಗೆ ತರಲೇ ಇಲ್ಲ.

ಸಾವಿರ ಚೌಕಟ್ಟು ಬೇಕಿದ್ವು.
ಹನ್ನೊಂದು ಮುಗದಿದ್ವು.
ಮದ್ದಿನ ಸಪ್ಪಳಕ್ಕ ಬಾವಿ ಬತ್ತಿದ್ವು ಅಂತ ಒಂದೂರು,
ಮೊದಲ ಬತ್ತಿದ್ವು ಅಂತ ಇನ್ನೊಂದೂರು,
ಕೋರ್ಟು, ತಾರೀಖು, ತಾರೀಖು,
ಆಮ್ಯಾಲ ದಿಲ್ಲಿಯಿಂದ ಒಂದು ಕಾಗದ.
ಹೋಗೂ ದಿನ ಸರ್ ಎಂಟೂ ಮಂದಿ ಕೈ ನೋಡಿದ್ರು.
ಮುಖ ನೋಡಲಿಲ್ಲ.

ಗುಜರಿಯಂವ ಚೌಕಟ್ಟು ತೂಗಿದ,
ಬಂಗಾರ ಎಷ್ಟೈತಿ ಅಂತ ಕೇಳಿದ.
ಕರಗಿಸಿದ್ರ ಹನ್ನೊಂದೂ ಕೂಡಿ
ಒಂದು ಜೋಡಿ ಬೆಂಡವಾಲಿಗೂ ಸಾಲಲಿಲ್ಲಂತ.

ಯಾರಿಗೂ ಹೇಳದ್ದು ಒಂದೈತಿ.
ಏಳನೇ ಚೌಕಟ್ಟಿನ ಎರಡು ನೂರಾ ಹನ್ನೆರಡನೇ ತಂತಿ
ನಾ ಸಡಿಲ ಬಿಟ್ಟಿದ್ದೆ.
ಸಂಜೀಮುಂದ, ಹೊರಗ ಜೀಪು ಹಾರ್ನ್ ಹೊಡೀತಿತ್ತು.
ಮೀಟಿದಾಗ ಇನ್ನೊಂಚೂರು ಅಂತು.
ಕೇಳೂ ಕೇಳದಂಗ ಎದ್ದು ಬಂದೆ.
ಮುಂದ ಯಂತ್ರ ಚಾಲೂ ಆಗಿ, ಎಂದರ ಒಂದು ದಿನ
ಆ ಒಂದು ಕಣ ಅಲ್ಲೇ ಬಂದು ಎಡವಿದ್ರ
ಲೆಕ್ಕ ತಪ್ಪತಿತ್ತು. ಯಾರೋ ಹುಡುಕಿಕೋತ ಬರತಿದ್ರು,
ಯಾರ ಕೈ ಇದು ಅಂತ ಕೇಳತಿದ್ರು.
ಬೈಸಿಕೊಳ್ಳಾಕ ತಯಾರಾಗಿ ಕುಂತಿದ್ದೆ ನಾ.
ಹದಿನೆಂಟು ವರ್ಷ ಆತು, ಯಾರೂ ಬರಲಿಲ್ಲ.

ಮಗ್ಗದ ಮುಂದ ಕೊಂಡಿ ಹಾಕೂವಾಗ
ಒಮ್ಮೊಮ್ಮೆ ಕಿರಿಬೆರಳಿನ ಉಗುರು ನೋಡತೇನಿ.
ಈಗೂ ಹಾಯ್ದು ಹೋಗತಿರಬೇಕು.
ಎಳಿ ಮೀಟತೇನಿ.
ಇನ್ನೊಂಚೂರು ಅಂತೈತಿ.