ಹೆಸರು ಹಾಕುವ ಕೆಲಸ

ಗೋಣಿಕೊಪ್ಪದ ರೂಮು, ರಾತ್ರಿ ಎರಡು.
ಸಿನಿಮಾ ಇಪ್ಪತ್ತು ನಿಮಿಷ, ಕೊಲೆ ಒಂದು,
ಶುರುವಿನ ಹೆಸರುಗಳು ನನ್ನ ಪಾಲು.

ಅಂಗಡಿಯ ಕೆಂಪು ಬಣ್ಣ ಬರೀ ಶರಬತ್ತು.
ಚೋಂದಮ್ಮ ಮನೆಯಿಂದ ಕಾಚಂಪುಳಿ ಕದ್ದು ತಂದಳು:
‘ಅವ್ವನಿಗೆ ಗೊತ್ತಾದರೆ ಎರಡನೇ ಕೊಲೆ.’

ಕಿಟಕಿಯ ಗಾಜು ಬಿಚ್ಚಿ, ಕೆಳಗೆ ಮೊಬೈಲ್ ಬೆಳಕಿಟ್ಟು,
ಬೆಲ್ಲ ಕಲಸಿ ಮಂದ ಮಾಡಿ
ಬೆರಳಲ್ಲೇ ಬರೆದೆ:
ನಿರ್ದೇಶನ, ಉತ್ತಯ್ಯ.
ಓರೆ ಹಿಡಿದರೆ
ತ ಒತ್ತು, ಯ ಒತ್ತು
ಜಾರಿ ಇಳಿದವು, ಕಪ್ಪಗೆ, ನಿಧಾನ.
ಕೊನೆಗೆ, ಹೆಣವಾಗಿ ಮಲಗಿದ್ದ ಸಫ್ವಾನ್.
ಅಷ್ಟರಲ್ಲಿ ಬೆಲ್ಲ ಮುಗಿದಿತ್ತು.

ಬೆಳಿಗ್ಗೆ ಇರುವೆಗಳು
ನಿರ್ದೇಶಕನನ್ನು ಹೊತ್ತು ಗೋಡೆ ಹತ್ತುತ್ತಿದ್ದವು.
ಉಳಿದದ್ದು ಒಂದು ‘ಯ್ಯ’.
ಉತ್ತಯ್ಯ ಬಾಯ್ತುಂಬ ಪೇಸ್ಟಿನ ನೊರೆಯಲ್ಲೇ ಕೂಗಿದ:
‘ಒರೆಸಬೇಡ, ಕ್ಯಾಮೆರಾ ತಾ!’

ಸಫ್ವಾನ್ ಮಾತ್ರ ಮಾತಾಡದೆ ನಿಂತಿದ್ದ,
ತನ್ನ ಹೆಸರಿನ ಸುತ್ತ
ಇರುವೆಗಳು ಬಿಟ್ಟ ಜಾಗ ನೋಡುತ್ತ.