ಬೋಣಿ

ರಾತ್ರಿಪಾಳಿ ಮುಗಿಸಿ, ಯೂನಿಫಾರ್ಮಿನ ಮೇಲೊಂದು ಸ್ವೆಟರ್ ಎಳೆದುಕೊಂಡು
ಚಾಮರಾಜಪೇಟೆಯಿಂದ ನಡೆದೇ ಬಂದೆ.
ಭಾನುವಾರ ಅವೆನ್ಯೂ ರಸ್ತೆಯ ಅಂಗಡಿಗಳು ಷಟರ್ ಎಳೆದುಕೊಂಡರೆ
ಅವುಗಳ ಮೆಟ್ಟಿಲ ಮೇಲೆ ಬೇರೆ ಅಂಗಡಿ ಕಣ್ಣು ಬಿಡುತ್ತದೆ:
ನೆಲಕ್ಕೆ ಟಾರ್ಪಾಲು, ಅದರ ಮೇಲೆ ಬೆನ್ನು ಮುರಿದ ಪುಸ್ತಕ,
ಅದರ ಮೇಲೆ ಎಳೆ ಬಿಸಿಲು.

"ಕತೆ ಬರೆಯೋದು ಕಲಿಸೋ ಪುಸ್ತಕ ಏನಾದ್ರೂ ಇದೆಯಾ?"
ಕೇಳುವಾಗ ದನಿ ತಾನಾಗಿ ತಗ್ಗಿತು,
ಮೆಡಿಕಲ್ ಸ್ಟೋರಿನಲ್ಲಿ ಹೆಸರೆತ್ತಲಾಗದ ಮುಲಾಮು ಕೇಳಿದ ಹಾಗೆ.
ದಸ್ತಗೀರ್ ಸಾಬರು ಕಿವಿ ಮುಂದೆ ತಂದರು.
ಮೊದಲು ಎತ್ತಿ ಕೊಟ್ಟದ್ದು ರವಿಕೆ ಕತ್ತರಿಸುವ ಕ್ರಮ.
ಆಮೇಲೆ ಪಂಪ್‌ಸೆಟ್ ರಿಪೇರಿ.
ಆಮೇಲೆ ಅರ್ಜಿ ಬರೆಯುವ ಮಾದರಿಗಳು.
"ಮಾನ್ಯರೇ, ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ...
ಇದೂ ಬರೆಯೋದೇ ಅಲ್ವಾ ಸ್ವಾಮಿ?"

ಅಲ್ಲ ಅನ್ನಲು ನನ್ನ ಹತ್ತಿರ ಏನಿದೆ ಪುರಾವೆ?
ಎಟಿಎಮ್ಮಿನ ಗಾಜಿನ ಬಾಗಿಲ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ,
ಜನ ಬಿಸುಟು ಹೋದ ಚೀಟಿಗಳ ಬೆನ್ನು.
ಮುಂದೆ ಅಚ್ಚಾದ ಬಾಕಿ ಮೊತ್ತ ಎರಡು ತಿಂಗಳಿಗೆ ಮಾಸಿಹೋಗುತ್ತದೆ,
ಹಿಂದೆ ನಾನು ಗೀಚಿದ್ದು ಹಾಗೇ ಇರುತ್ತದೆ.
ಅದೊಂದೇ ನನ್ನ ಜಂಬ.
ಹನ್ನೊಂದು ಕತೆ ಶುರು ಮಾಡಿದ್ದೇನೆ,
ಹನ್ನೊಂದೂ "ಒಂದು ದಿನ" ಎಂದೇ.
ಆ ದಿನ ಏನಾಯಿತೆಂದು ಚೀಟಿಗೂ ಗೊತ್ತಿಲ್ಲ, ನನಗೂ.

ಹತ್ತೂವರೆಗೆ ಸಿಕ್ಕಿತು.
ರಟ್ಟಿಲ್ಲ, ಬರೆದವರ ಹೆಸರಿಲ್ಲ,
ಹದಿನೇಳನೇ ಪುಟದಿಂದ ಶುರು:
"ಆದ್ದರಿಂದ ಮೊದಲ ವಾಕ್ಯದ ಬಗ್ಗೆ
ಮೇಲೆ ಹೇಳಿದ್ದನ್ನು ಎಂದೂ ಮರೆಯಬಾರದು."

ಮೇಲೆ ಏನು ಹೇಳಿದ್ದರು?
ಸಾಬರು ಗಲ್ಲ ಎತ್ತಿ ಮೂಲೆಯ ಕಡಲೆಕಾಯಿ ಗಾಡಿ ತೋರಿಸಿದರು.
"ಪೊಟ್ಟಣಕ್ಕೆ ಕಾಗದ ಇಲ್ಲ ಅಂತ ಬೆಳಿಗ್ಗೆ ಮುನಿಯಲ್ಲಮ್ಮ ಬಂದ್ಲು.
ಹೆಂಗೂ ಕಿತ್ತುಬಂದಿತ್ತು, ಕೊಟ್ಟೆ.
ಪಾಠ ಕಮ್ಮಿ ಆಯ್ತಲ್ಲ, ನಲವತ್ತರಲ್ಲಿ ಹತ್ತು ಬಿಡ್ತೀನಿ."

ಓಡಿದೆ.
ಬಾಣಲೆಯಲ್ಲಿ ಮರಳು ಗೊರಗೊರ ಅನ್ನುತ್ತಿತ್ತು.
ಒಂದು ಪೊಟ್ಟಣ ಕೊಂಡು ಬಿಡಿಸಿದೆ: ಹದಿಮೂರು, ಹದಿನಾಲ್ಕು.
ಇನ್ನೊಂದು: ಮೂರು, ನಾಲ್ಕು.
ಮತ್ತೊಂದು ಬರೀ ಪೇಪರು, ಸಿಮೆಂಟಿನ ಜಾಹೀರಾತು.
ಸ್ವೆಟರಿನ ಜೇಬು ತುಂಬಿತು, ಬಾಯಿ ತುಂಬಿತು,
ಬಸ್ ಪಾಸಿಗೆಂದು ಎತ್ತಿಟ್ಟಿದ್ದು ಕರಗಿತು.
"ಮನೇಲಿ ಎಷ್ಟು ಜನ?" ಕೇಳಿದಳು ಮುನಿಯಲ್ಲಮ್ಮ.
ಒಬ್ಬನೇ, ಅಂದೆ.
ನನ್ನನ್ನೊಮ್ಮೆ, ಸಿಪ್ಪೆಯ ರಾಶಿಯನ್ನೊಮ್ಮೆ ನೋಡಿ
"ಮೇಲೆ ಒಂಚೂರು ಬೆಲ್ಲ ತಿನ್ನಪ್ಪ, ಪಿತ್ತ ಏರ್ತದೆ" ಅಂದಳು.

ಏಳು ಹಾಳೆ ಜೋಡಿಸಿದೆ. ಉಪ್ಪು, ಮಸಿ, ಬೆಚ್ಚಗಿನ ವಾಸನೆ.
ಆರನೇ ಪುಟದ ಕೊನೆಯ ಸಾಲು:
"ಮೊದಲ ವಾಕ್ಯದ ಗುಟ್ಟು ಒಂದೇ. ಅದು"
ಅಲ್ಲಿಗೆ ಹಾಳೆ ಮುಗಿಯಿತು.
ಏಳೂ ಎಂಟೂ ಇಲ್ಲ.

"ಓ ಅದಾ? ಅದು ಬೋಣಿ ಪೊಟ್ಟಣ.
ಹಸಿರು ವೇಲು ಹಾಕಿದ್ದ ಹುಡುಗಿ. ಮಾರ್ಕೆಟ್ ಕಡೆ ಹೋದ್ಲು.
ಚಿಲ್ಲರೆ ಕೊಟ್ಲು, ಪುಣ್ಯಾತ್ಗಿತ್ತಿ."

ಮಾರ್ಕೆಟ್ಟಿನ ಬಸ್‌ಸ್ಟ್ಯಾಂಡಿನಲ್ಲಿ ಹೋಗಿ ನಿಂತೆ.
ಹಸಿರು ವೇಲು ನಾಲ್ಕಾರು ಕಂಡವು,
ಒಂದರ ಕೈಯಲ್ಲಿ ಸೇವಂತಿಗೆ, ಒಂದರ ಕೈಯಲ್ಲಿ ಮಗು.
ಯಾರನ್ನು ಏನೆಂದು ಕೇಳುವುದು?
ತಾಯೀ, ನೀವು ತಿಂದು ಬಿಸುಟ ಕಾಗದದಲ್ಲಿ ನನ್ನದೊಂದು ಗುಟ್ಟಿತ್ತು?

ಕಂಬಕ್ಕೆ ಒರಗಿ ಜೇಬಿನಿಂದ ಒಂದು ಚೀಟಿ ತೆಗೆದೆ.
ಯಾರದೋ ಬಾಕಿ, ಇನ್ನೂರ ಹನ್ನೆರಡು ರೂಪಾಯಿ.
ತಿರುಗಿಸಿ ಬರೆದೆ:

ಉಪ್ಪು ಹತ್ತಿದ ಬೆರಳು ಚೀಪುತ್ತ ಅವಳು ಕೆಂಗೇರಿ ಬಸ್ಸು ಹತ್ತಿದಳು.

ಪೆನ್ನು ನಿಲ್ಲದೆ ಇನ್ನೂ ಏನೋ ಹೇಳುವುದರಲ್ಲಿತ್ತು,
ಅಷ್ಟರಲ್ಲಿ ಹೊಟ್ಟೆ ಹಿಡಿದುಕೊಂಡಿತು.
ಚೀಟಿಯನ್ನು ಹದಿನೇಳನೇ ಪುಟಕ್ಕೆ ಸಿಕ್ಕಿಸಿ
ಬೆಲ್ಲ ಹುಡುಕಿಕೊಂಡು ಹೊರಟೆ.